ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೇನ್ರೀ?

ನಮ್ಮ ಯಲಿಯೂರು ಕಡೆ ಈಗ ಹಳೇ ಬೈಕಿನ ಎಲ್ಲಾ ಕಾಯಿಲೆಗೂ ಒಂದೇ ಔಷಧ. ಹತ್ತು ಸಲ ಒದಿ. ಸ್ಟಾರ್ಟ್ ಆಗ್ಲಿಲ್ವಾ, ಗುಜರಿಯವನಿಗೆ ಫೋನ್ ಮಾಡು. ಅವನು ಬಂದು ಕೆಜಿ ಲೆಕ್ಕದಲ್ಲಿ ತೂಗಿ, ಆಟೋಗೆ ಹಾಕ್ಕೊಂಡು ಹೋಗ್ತಾನೆ. ಈ ಔಷಧ ಬರೆದುಕೊಡೋ ಡಾಕ್ಟರುಗಳಿಗೂ ಬರ ಇಲ್ಲ. ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಹೋಗುವ ನಮ್ಮಂಥ ಇಂಜಿನಿಯರುಗಳೇ ಮುಂದೆ ನಿಂತು ಹೇಳೋದು: "ಏನ್ ದೊಡ್ಡಪ್ಪ, ಇನ್ನೂ ಇದುನ್ನೇ ಮಡಿಕ್ಕಂಡಿದ್ದೀಯಲ್ಲ, ಹೊಸ್ದು ತಗೋ ಅತ್ಲಾಗೆ."

ನನ್ನ ವಾದ ಇಷ್ಟೇ. ಸ್ಟಾರ್ಟ್ ಆಗದ ಗಾಡಿ ಸತ್ತ ಗಾಡಿ ಅಲ್ಲ. ಬಹಳ ಸಲ ಅದಕ್ಕೆ ಏನಾಗಿದೆ ಅಂತ ಯಾರೂ ನೋಡಿರೋದೇ ಇಲ್ಲ, ಅಷ್ಟೆ.

ನಾನು ಹೇಳ್ತಿರೋದು ಯೆಜ್ಡಿ ಬಗ್ಗೆ. ಅದೇನು ಹೊರಗಿನವರ ಗಾಡಿ ಅಲ್ಲ ಸ್ವಾಮಿ. ನಮ್ಮೂರ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿದರೆ ಸಿಗೋ ಮೈಸೂರಿನಲ್ಲೇ ಹುಟ್ಟಿದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು. ಮೊದಲು ಜೆಕೊಸ್ಲೊವಾಕಿಯಾದ ಲೈಸೆನ್ಸಿನ ಜಾವಾ, ಎಪ್ಪತ್ತರ ದಶಕದಲ್ಲಿ ಯೆಜ್ಡಿ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. ಅಂದ್ರೆ ಆ ಕಾರ್ಖಾನೆಯ ಅತಿ ಎಳೇ ಗಾಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಇಷ್ಟಾದ್ರೂ ಅವು ಇನ್ನೂ ಡೈರಿಗೆ ಹಾಲಿನ ಕ್ಯಾನು ಹೊರ್ತಾವೆ, ಗದ್ದೆಗೆ ಗೊಬ್ಬರದ ಮೂಟೆ ಹೊರ್ತಾವೆ. ಕಾರಣ ಒಂದೇ: ಅದರ ಹೊಟ್ಟೆಯೊಳಗೆ ಏನಿದೆ ಅನ್ನೋದು ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ.

ಯಾವ ಪೆಟ್ರೋಲ್ ಇಂಜಿನ್ನಿಗೂ ಬೇಕಾದ್ದು ಮೂರೇ. ಗಾಳಿ ಜೊತೆ ಬೆರೆತ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಕಂಪ್ರೆಷನ್. ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಈ ಮೂರರಲ್ಲಿ ಒಂದಾದ್ರೂ ಕೈಕೊಟ್ಟಿದೆ. ಯಾವುದು ಅಂತ ಹೇಳೋದು ಸ್ಪಾರ್ಕ್ ಪ್ಲಗ್. ಹತ್ತು ಸಲ ಒದ್ದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ. ಟ್ಯಾಪ್ ಕಟ್ಟಿದೆಯೋ, ಕಾರ್ಬೋರೇಟರಿನ ಜೆಟ್‌ನಲ್ಲಿ ಕಸ ಕೂತಿದೆಯೋ ನೋಡಿ. ಒದ್ದೆ ಇದ್ರೆ ಪೆಟ್ರೋಲಿನ ತಪ್ಪಿಲ್ಲ. ಓವರ್‌ಫ್ಲೋ ಆಗಿರಬೇಕು ಇಲ್ಲಾ ಕಿಡಿ ಇಲ್ಲ. ಪ್ಲಗ್ ಒರೆಸಿ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರ ಇಟ್ಟು, ಇಂಜಿನ್ನಿನ ಲೋಹಕ್ಕೆ ತಾಗಿಸಿ ಒದ್ದು ನೋಡಿ. ನೀಲಿ ಕಿಡಿ ಬಂದ್ರೆ ಸರಿ. ಬರದಿದ್ರೆ ಮೊದಲು ಬ್ಯಾಟರಿ ನೋಡಿ, ಯಾಕಂದ್ರೆ ಈ ಹಳೇ ಗಾಡಿಗಳಲ್ಲಿ ಕಿಡಿಗೆ ಕರೆಂಟು ಬರೋದೇ ಆ ಆರು ವೋಲ್ಟಿನ ಬ್ಯಾಟರಿಯಿಂದ. ಆಮೇಲೆ ಬಲಗಡೆ ಕವರ್ ಬಿಚ್ಚಿ ಪಾಯಿಂಟು, ಕಂಡೆನ್ಸರು. ಕಿಡಿನೂ ಇದೆ, ಪೆಟ್ರೋಲೂ ಇದೆ ಅಂದ್ರೆ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಒದೆಯಿರಿ. ಬೆರಳನ್ನ ತಳ್ಳದಿದ್ರೆ ಮಾತ್ರ ರಿಂಗು-ಪಿಸ್ಟನ್ನಿನ ದೊಡ್ಡ ಕೆಲಸ.

ನಮ್ಮ ದೊಡ್ಡಪ್ಪನ ಗಾಡಿ ಕೊಟ್ಟಿಗೆಯಲ್ಲಿ ಐದು ತಿಂಗಳು ನಿಂತಿತ್ತು. "ಒದ್ದೂ ಒದ್ದೂ ಕಾಲ್ ಬಿದ್ದೋಯ್ತು ಕಣ್ ಮಗಾ, ಇಂಜಿನ್ನೇ ಹೋಗದೆ ಅಂತಾವ್ರೆ" ಅಂದ್ರು. ಪ್ಲಗ್ ಬಿಚ್ಚಿದ್ರೆ ಒದ್ದೆ. ಬ್ಯಾಟರಿ ಚಾರ್ಜ್ ಮಾಡಿಸಿದರೂ ಕಿಡಿ ಇಲ್ಲ. ಪಾಯಿಂಟು ನೋಡಿದ್ರೆ ಕಪ್ಪು ಕಟ್ಟಿತ್ತು. ಎಮರಿ ಪೇಪರಿನ ಒಂದು ಚೂರಿನಲ್ಲಿ ಉಜ್ಜಿ, ಗ್ಯಾಪ್ ಸರಿ ಮಾಡಿ ಒದ್ದದ್ದಕ್ಕೆ ಡಬ್ ಡಬ್ ಅಂತ ಎದ್ದು ಕೂತ್ಕೊಳ್ತು. ಇದಕ್ಕೆ ಗುಜರಿಯವನ ತಕ್ಕಡಿ ರೆಡಿಯಾಗಿತ್ತು!

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಪ್ರಶ್ನೆ. ಆಫೀಸಿನಲ್ಲಿ ಸರ್ವರ್ ಬಿದ್ರೆ ಲಾಗ್ ನೋಡದೆ ಬಿಸಾಕ್ತೀರಾ? ಹತ್ತು ಜನ ಕೂತು ಯಾವ ಸಾಲಿನಲ್ಲಿ ತಪ್ಪಿದೆ ಅಂತ ರಾತ್ರಿಯೆಲ್ಲ ಹುಡುಕ್ತೀವಿ. ಅದೇ ಬುದ್ಧಿ ಅಪ್ಪನ ಗಾಡಿ ಮುಂದೆ ನಿಂತಾಗ ಎಲ್ಲಿಗೆ ಹೋಗುತ್ತೆ? ಕೈಗೆ ಗ್ರೀಸ್ ಆಗುತ್ತೆ ಅನ್ನೋದಲ್ಲದೆ ಬೇರೆ ಕಾರಣ ನನಗಂತೂ ಕಾಣಿಸ್ತಿಲ್ಲ.

ಇನ್ನು "ಎಲ್ಲಾ ಎಥೆನಾಲ್‌ನಿಂದ" ಅನ್ನೋರು. ಅರ್ಧ ಸತ್ಯ ಇದೆ. ಶೇ. 20ರ ಎಥೆನಾಲ್ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಂಕುಗಳಿಗೆ ಬರತೊಡಗಿ, 2025ರ ಹೊತ್ತಿಗೆ ದೇಶವೆಲ್ಲ ಹಬ್ಬಿತು. ಎಥೆನಾಲ್ ನೀರು ಹೀರುತ್ತೆ, ಹಳೇ ರಬ್ಬರನ್ನ ಕೆಡಿಸುತ್ತೆ. ನೀರು ಹೆಚ್ಚಾದ್ರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ. ಕಬ್ಬಿನ ಕಾಕಂಬಿಯಿಂದ, ಮುಸುಕಿನ ಜೋಳದಿಂದ ಆಗೋ ಸರಕು ಅದು. ಮಂಡ್ಯದವನಾಗಿ ನಾನದಕ್ಕೆ ವಿರೋಧಿಯಲ್ಲ. ಆದರೆ ತಿಂಗಳುಗಟ್ಟಲೆ ನಿಲ್ಲಿಸೋ ಮುಂಚೆ ಟ್ಯಾಪ್ ಮುಚ್ಚಿ ಕಾರ್ಬೋರೇಟರ್ ಬರಿದು ಮಾಡಿ, ವಾಷರು-ಪೈಪು ಹೊಸದು ಹಾಕಿದ್ರೆ ಅರ್ಧ ತಲೆನೋವು ಕಮ್ಮಿ. ಅದನ್ನೂ ಮಾಡದೆ ಸರ್ಕಾರಕ್ಕೆ ಬೈದರೆ ಗಾಡಿ ಸ್ಟಾರ್ಟ್ ಆಗಲ್ಲ.

"ಹೊಗೆ ಬರುತ್ತಲ್ಲಪ್ಪ" ಅಂತೀರಿ. ನಿಜ. ಟೂ-ಸ್ಟ್ರೋಕು, ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಅಂಥ ಸಾವಿರ ಗಾಡಿ ನಿಲ್ಲಲಿ ಅಂತ ನಾನು ಹೇಳ್ತಿಲ್ಲ. ದಿನಕ್ಕೆ ಎರಡು ಸಲ ಡೈರಿಗೆ ಹೋಗಿಬರೋ ಗಾಡಿ ಮಾತು ಬೇರೆ. ಆಯಿಲ್ ಅಳತೆ ಮೀರದಿದ್ರೆ, ಸೈಲೆನ್ಸರಿನ ಮಸಿ ತೆಗೀತಿದ್ರೆ ಹೊಗೆಯೂ ಕಮ್ಮಿಯಾಗುತ್ತೆ. ಹದಿನೈದು ವರ್ಷ ದಾಟಿದ ಬೈಕಿನ ಆರ್‌ಸಿ ರಿನ್ಯೂವಲ್ ಶುಲ್ಕವನ್ನ 2022ರ ಏಪ್ರಿಲ್‌ನಲ್ಲೇ 300ರಿಂದ 1,000 ರೂಪಾಯಿಗೆ ಏರಿಸಿದ್ರು. ಅದನ್ನೂ ಕಟ್ಟಿ, ಎಫ್‌ಸಿ ಮಾಡಿಸಿ ಓಡಿಸೋನಿಗೆ ಹಾಗೆ ಓಡಿಸೋ ಹಕ್ಕಿದೆ.

ನನ್ನ ಸಿಟ್ಟು ಒಂದು ಗಾಡಿಗಾಗಿ ಅಲ್ಲ. 2020ರ ಬಿಎಸ್-6 ನಿಯಮದ ನಂತರ ಬಂದ ಬಹುತೇಕ ಬೈಕುಗಳಲ್ಲಿ ಕಾರ್ಬೋರೇಟರ್ ಹೋಗಿ ಸೆನ್ಸರು, ಇಸಿಯು ಬಂದಿವೆ. ಗಾಳಿಗೆ ಒಳ್ಳೇದೇ ಆಯ್ತು. ಆದ್ರೆ ದೀಪ ಮಿನುಗಿದ್ರೆ ಏನಾಗಿದೆ ಅಂತ ಓದೋಕೆ ಬೇರೆ ಯಂತ್ರ ಬೇಕು, ಅದು ನಮ್ಮೂರ ಮೆಕ್ಯಾನಿಕ್ಕಿನ ಹತ್ರ ಇಲ್ಲ. ಸ್ಪ್ಯಾನರ್ ಹಿಡಿದು ಕೇಳಿದ್ರೆ ಉತ್ತರ ಕೊಡೋ ಕೊನೇ ಗಾಡಿಗಳು ಇವು. ಇವನ್ನೂ ತೂಕಕ್ಕೆ ಹಾಕಿಬಿಟ್ರೆ, ನಾಳೆ ಕೆಟ್ಟದ್ದನ್ನ ತಾವೇ ಬಿಚ್ಚಿ ನೋಡಬಹುದು ಅನ್ನೋ ಧೈರ್ಯವೇ ಊರಲ್ಲಿ ಉಳಿಯಲ್ಲ.

ಮುಂದಿನ ಸಲ ಊರಿಗೆ ಹೋದಾಗ ಗುಜರಿಯವನ ನಂಬರ್ ಕೊಡೋ ಮುಂಚೆ ಒಂದು ಪ್ಲಗ್ ಸ್ಪ್ಯಾನರ್ ತಗೊಂಡು ಹೋಗಿ. ಒಣಗಿದೆಯೋ, ಒದ್ದೆಯೋ? ಅಷ್ಟು ನೋಡಿ ಆಮೇಲೆ ಮಾತಾಡೋಣ.