ಹೆಪ್ಪುಗಟ್ಟಿದ ಮೀನು ಮತ್ತು ಅಡುಗೆಮನೆಯ ಅಸಡ್ಡೆ

ಮೀನಿನ ವಿಷಯದಲ್ಲಿ ಕರಾವಳಿಯವರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಹೆಮ್ಮೆ ನಮ್ಮಲ್ಲಿದೆ. ಕಿವಿರು ಎತ್ತಿ ನೋಡಿ, ಕಣ್ಣಿನ ಹೊಳಪು ಗಮನಿಸಿ, ಬೆರಳಿನಿಂದ ಒತ್ತಿ, ಮೀನು ಇಂದಿನದೋ ನಿನ್ನೆಯದೋ ಎಂದು ಹೇಳಬಲ್ಲ ಹಿರಿಯರು ನಮ್ಮ ಮನೆಗಳಲ್ಲಿದ್ದರು. ಆದರೆ ಆ ಜ್ಞಾನವೆಲ್ಲ ಹಸಿ ಮೀನಿಗೆ ಸಂಬಂಧಿಸಿದ್ದು. ಕಲ್ಲಿನಂತೆ ಗಟ್ಟಿಯಾಗಿ ಫ್ರೀಜರಿನಿಂದ ಹೊರಬರುವ ಮೀನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಅವರು ಕಲಿಸಿ ಹೋಗಲಿಲ್ಲ. ಅವರ ಕಾಲದಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಇಂದು ಆ ಪ್ರಶ್ನೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ ದಿನಗಳಿಗೆಂದು ಅಂಜಲ್ ತುಂಡುಗಳನ್ನೂ ಬಂಗುಡೆಯನ್ನೂ ಮೊದಲೇ ಶೇಖರಿಸಿಡುವ ಮನೆಗಳು ಅನೇಕ. ತಪಸ್ಸುಕಾಲದ ಶುಕ್ರವಾರಗಳಿಗೂ ಇದೇ ಏರ್ಪಾಡು. ಮುಂಜಾನೆ ಪೊಟ್ಟಣವನ್ನು ತೆಗೆದು ಸಿಂಕಿನಲ್ಲಿಟ್ಟು, ಮನೆಮಂದಿಯೆಲ್ಲ ಕೆಲಸಕ್ಕೋ ಪೂಜೆಗೋ ಹೊರಟು, ಮಧ್ಯಾಹ್ನ ಬಂದು ಒಗ್ಗರಣೆ ಹಾಕುವುದು ವಾಡಿಕೆಯಾಗಿಬಿಟ್ಟಿದೆ. 'ಹೇಗೂ ಮಸಾಲೆಯಲ್ಲಿ ಕುದಿಯುತ್ತದಲ್ಲ, ಏನಾದೀತು?' ಎಂಬುದು ಇದಕ್ಕೆ ದೊರೆಯುವ ಸಮಾಧಾನ. ನಮ್ಮ ಆಕ್ಷೇಪವಿರುವುದು ಈ ಸಮಾಧಾನದ ಬಗೆಗೇ.

ಶೈತ್ಯವು ಸೂಕ್ಷ್ಮಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಮೀನು ಹೆಪ್ಪುಗಟ್ಟುವಾಗ ಒಳಗಿನ ನೀರು ಹರಳಾಗಿ ಮಾಂಸದ ಕೋಶಗಳನ್ನು ಸೀಳುತ್ತದೆ. ಕರಗುವಾಗ ಅಲ್ಲಿಂದ ರಸ ಒಸರುತ್ತದೆ. ಎಚ್ಚೆತ್ತ ಜೀವಿಗಳಿಗೆ ಅದೇ ಔತಣ. ತುಂಡಿನ ನಡುಭಾಗ ಇನ್ನೂ ಮಂಜಾಗಿರುವಾಗಲೇ ಅದರ ಹೊರಮೈ ಕೋಣೆಯ ಬಿಸಿಗೆ ಬಂದಿರುತ್ತದೆ. ಮುಟ್ಟಿ ನೋಡಿ 'ಇನ್ನೂ ಕರಗಿಲ್ಲ' ಎಂದು ಮತ್ತೆರಡು ಗಂಟೆ ಬಿಡುವವರು ಈ ಹೊರಮೈಯನ್ನು ಮರೆಯುತ್ತಾರೆ. ಮಂಗಳೂರಿನ ಏಪ್ರಿಲ್ ತಿಂಗಳ ಅಡುಗೆಮನೆ 30 ಡಿಗ್ರಿಗೂ ಮೀರಿ ಬಿಸಿಯಾಗಿರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಕುದಿಸುವ ಮಾತು. ಬಂಗುಡೆ, ಬೂತಾಯಿ, ಅಂಜಲ್, ಟ್ಯೂನಾ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳವಾಗಿದೆ. ಮೀನು ಬಿಸಿಯಲ್ಲಿ ಉಳಿದಾಗ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಕುದಿಸಿದರೂ, ಹುರಿದರೂ, ಮತ್ತೆ ಫ್ರೀಜರಿನಲ್ಲಿಟ್ಟರೂ ನಾಶವಾಗದು. ಹುಣಸೆಹಣ್ಣಿಗಾಗಲಿ, ಮೆಣಸಿಗಾಗಲಿ ಅದು ಜಗ್ಗುವುದಿಲ್ಲ. ವಾಸನೆಯಿಂದ ಅದು ಪತ್ತೆಯಾಗಲೇಬೇಕೆಂದೂ ಇಲ್ಲ. ಉಂಡ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈಮೇಲೆ ದದ್ದುಗಳೇಳುತ್ತವೆ, ಎದೆ ಬಡಿದುಕೊಳ್ಳುತ್ತದೆ. ಬಹುಪಾಲು ಮಂದಿಗೆ ಇದು ಬೇಗನೆ ಶಮನವಾದರೂ, ಹೃದ್ರೋಗಿಗಳಿಗೂ ಉಬ್ಬಸವಿರುವವರಿಗೂ ಅಪಾಯಕರವಾಗಬಲ್ಲದು. ಅಂಥವರನ್ನು ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. 'ನನಗೆ ಬಂಗುಡೆ ಆಗುವುದಿಲ್ಲ' ಎಂದು ಆ ಮೀನನ್ನೇ ತೊರೆದವರಲ್ಲಿ ಕೆಲವರಿಗಾದರೂ ತೊಂದರೆ ಕೊಟ್ಟದ್ದು ಬಂಗುಡೆಯಲ್ಲ, ಅದನ್ನು ಬಿಸಿಯಲ್ಲಿ ಬಿಟ್ಟ ರೀತಿ ಎಂದು ನಾವು ಭಾವಿಸುತ್ತೇವೆ. ಆದರೆ ಮೀನಿನ ನಿಜವಾದ ಅಲರ್ಜಿಯೂ ಉಂಟು. ಆದಕಾರಣ ವೈದ್ಯರನ್ನು ಕೇಳದೆ ಯಾರೂ ಮತ್ತೆ ರುಚಿ ನೋಡಲು ಹೋಗಬಾರದು.

ಹಾಗಾದರೆ ಮಾಡಬೇಕಾದುದೇನು? ಹಿಂದಿನ ರಾತ್ರಿಯೇ ಮೀನನ್ನು ಫ್ರೀಜರಿನಿಂದ ಇಳಿಸಿ, ಅಂಚುಳ್ಳ ಪಾತ್ರೆಯಲ್ಲಿ ಮುಚ್ಚಿ, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಡಬೇಕು. ಕೆಳಗೆ ಏಕೆಂದರೆ, ಒಸರುವ ನೀರು ಹಣ್ಣು, ಮೊಸರುಗಳ ಮೇಲೆ ಬೀಳಬಾರದು. 4 ಡಿಗ್ರಿಯ ಆಸುಪಾಸಿನ ಆ ತಂಪಿನಲ್ಲಿ ತುಂಡುಗಳು ಬೆಳಗಾಗುವುದರೊಳಗೆ ಕರಗುತ್ತವೆ. ದಪ್ಪ ಮೀನಿಗೆ ಪೂರ್ತಿ ಒಂದು ದಿನ ಬೇಕಾದೀತು. ಅವಸರವಿದ್ದವರು ನೀರು ಸೋರದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದೊಡನೆ ಬೇಯಿಸಬೇಕು. ಆದರೆ ನಮ್ಮಲ್ಲಿ ತಣ್ಣೀರೆಂಬುದು ಹೆಸರಿಗೆ ಮಾತ್ರ. ತಾರಸಿಯ ಟ್ಯಾಂಕಿಯಿಂದ ಇಳಿಯುವ ನೀರು ಬೇಸಿಗೆಯಲ್ಲಿ ಸ್ನಾನಕ್ಕಾಗುವಷ್ಟು ಬೆಚ್ಚಗಿರುತ್ತದೆ. ಅದಕ್ಕೆ ನಾಲ್ಕು ಐಸ್ ತುಂಡುಗಳನ್ನು ಹಾಕದೆ ಗತಿಯಿಲ್ಲ. ನಲ್ಲಿಯನ್ನು ಹರಿಯಬಿಟ್ಟು ಕರಗಿಸುವುದನ್ನಂತೂ, 2019ರ ಬೇಸಿಗೆಯಲ್ಲಿ ನೀರಿನ ಪಡಿತರವನ್ನು ಕಂಡ ನಗರಕ್ಕೆ ನಾವು ಸೂಚಿಸಲಾರೆವು. ಸಾರಿಗೆ ಹಾಕುವ ತೆಳು ತುಂಡುಗಳನ್ನು ಕರಗಿಸಬೇಕಾದ ಅಗತ್ಯವೇ ಇಲ್ಲ. ಕುದಿಯುವ ಮಸಾಲೆಗೆ ನೇರವಾಗಿ ಇಳಿಸಿ ಅರ್ಧದಷ್ಟು ಹೆಚ್ಚು ಹೊತ್ತು ಬೇಯಿಸಿದರಾಯಿತು. ಕಾವಲಿಯಲ್ಲಿ ಹುರಿಯಲು ಮಾತ್ರ ಈ ಉಪಾಯ ಸಲ್ಲದು.

ಗಾಳಿ ತೆಗೆದು ಮುದ್ರೆ ಹಾಕಿದ ಪೊಟ್ಟಣಗಳಲ್ಲಿಯೂ ಈಗ ಮೀನು ಬರುತ್ತಿದೆ. ಅಂಥ ಪೊಟ್ಟಣವನ್ನು ಕರಗಲು ಇಡುವ ಮೊದಲೇ ಕತ್ತರಿಸಿ ತೆರೆಯಬೇಕು. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಕೆಲವು ಬಗೆಗಳು ಗಾಳಿಯಿಲ್ಲದೆಡೆ, ಫ್ರಿಜ್ಜಿನ ತಂಪಿನಲ್ಲಿಯೂ ನಿಧಾನವಾಗಿ ಬೆಳೆದು ಮಾರಕ ವಿಷವನ್ನು ಉತ್ಪಾದಿಸಬಲ್ಲವು.

ಮಳೆಗಾಲದಲ್ಲಿ ವಿದ್ಯುತ್ತು ಕೈಕೊಡುವುದು ನಮಗೆ ಹೊಸತಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆಗಳ ಕಾಲ, ಅರ್ಧ ತುಂಬಿದ್ದು 24 ಗಂಟೆಗಳ ಕಾಲ ಶೈತ್ಯವನ್ನು ಹಿಡಿದಿಡುತ್ತದೆ. ಕೆಳಗಿನ ಫ್ರಿಜ್ಜು ನಾಲ್ಕೇ ಗಂಟೆ. ಫ್ರಿಜ್ಜಿನೊಳಗೇ ಕರಗಿ ಇನ್ನೂ ತಂಪಾಗಿರುವ ಮೀನನ್ನು ಪುನಃ ಹೆಪ್ಪುಗಟ್ಟಿಸಬಹುದು, ರುಚಿ ಕುಂದುತ್ತದೆ ಅಷ್ಟೆ. ಹೊರಗೆ ಕರಗಿದ್ದನ್ನು ಮಾತ್ರ ಮತ್ತೆ ಒಳಗಿಡಲಾಗದು. ದುಬಾರಿ ಅಂಜಲನ್ನು ಎಸೆಯಲು ಕೈ ಬಾರದೆಂಬುದು ನಮಗೂ ಅರ್ಥವಾಗುವ ಸಂಕಟವೇ. ಆದರೂ ಹೊತ್ತುಗಟ್ಟಲೆ ಬಿಸಿಯಲ್ಲಿ ಉಳಿದ ಮೀನನ್ನು ಮಕ್ಕಳ ತಟ್ಟೆಗೆ ಬಡಿಸಲು ಆ ಬೆಲೆ ನೆಪವಾಗಬಾರದು.

ಮೀನು ಮಾರುವವರಿಗೂ ಒಂದು ಮಾತು. ರಜೆಯ ತಿಂಗಳುಗಳಲ್ಲಿ ಮಾರುಕಟ್ಟೆಗೆ ಬರುವ ಮೀನು ಈಗಾಗಲೇ ಹೆಪ್ಪುಗಟ್ಟಿ ಕರಗಿದ್ದಾದರೆ, ಗ್ರಾಹಕರು ಕೇಳುವ ಮೊದಲೇ ಅದನ್ನು ತಿಳಿಸಬೇಕು. ಕೊಳ್ಳುವವರೂ ಸಂಕೋಚವಿಲ್ಲದೆ ಕೇಳಬೇಕು. ಮನೆಯೊಳಗೆ ಈ ಹೊಣೆಯನ್ನೆಲ್ಲ ಗೃಹಿಣಿಯೊಬ್ಬಳ ತಲೆಗೆ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ. ಆಕೆಯೂ ದುಡಿದು ಸಂಜೆ ಮರಳುವವಳಾಗಿರುವಾಗ, ರಾತ್ರಿ ದೀಪ ಆರಿಸಿ ಕೊನೆಗೆ ಮಲಗುವವರು, ಗಂಡಸರೇ ಆಗಲಿ, ನಾಳಿನ ಮೀನನ್ನು ಫ್ರೀಜರಿನಿಂದ ಕೆಳಗಿನ ಅಂತಸ್ತಿಗೆ ಇಳಿಸಿಟ್ಟು ಮಲಗಬಹುದು.