ನಗಿಸಿದರೆ ಕವಿ ಅಲ್ಲವೇ?

"ವೇದಿಕೆ ಮೇಲೆ ಚೆನ್ನಾಗಿರುತ್ತೆ, ಪುಸ್ತಕದಲ್ಲಿ ನಿಲ್ಲಲ್ಲ." ಕೆರಿಬಿಯನ್ ಕವಿಗಳ ವಾಚನದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ತೀರ್ಪು ಕೊಟ್ಟೇ ಕೊಡ್ತಾರೆ. ಹೊಗಳಿಕೆ ಥರ ಕೇಳಿಸುತ್ತೆ. ಅಲ್ಲ ಸ್ವಾಮಿ, ಇದು ಕವಿಯನ್ನು ನಯವಾಗಿ ಪಂಕ್ತಿಯಿಂದ ಎಬ್ಬಿಸಿ ಕಳಿಸೋ ದಾರಿ.

ಜಮೈಕಾದ ಲೂಯಿಸ್ ಬೆನೆಟ್ ಅವರನ್ನೇ ತಗೊಳ್ಳಿ. ಅಲ್ಲಿನ ಜನಕ್ಕೆ ಆಕೆ 'ಮಿಸ್ ಲೂ'. ಸಂತೆಯ ಹೆಂಗಸರು, ಟ್ರಾಮ್‌ನಲ್ಲಿ ಜಗಳ ಆಡೋರು, ಇಂಗ್ಲೆಂಡಿಗೆ ಹಡಗು ಹತ್ತೋರು... ಇವರ ಮಾತನ್ನೇ ಪದ್ಯ ಮಾಡಿ, ಜನರೆದುರು ನಿಂತು ಹೇಳಿದಾಕೆ. ಸಭೆ ತುಂಬಾ ನಗು. ಆ ನಗುವೇ ಮುಳುವಾಯ್ತು ನೋಡಿ! ಎಷ್ಟೋ ವರ್ಷ ಪಂಡಿತರ ಪಾಲಿಗೆ ಆಕೆ ಕವಿಯಲ್ಲ, ಬರೀ ನಗಿಸೋಳು. 1960ರ ದಶಕದಲ್ಲಿ ಮರ್ವಿನ್ ಮಾರಿಸ್ ಅನ್ನೋ ಕವಿ, 'ಬೆನೆಟ್‌ರನ್ನು ಗಂಭೀರವಾಗಿ ಓದಿ' ಅಂತ ವಾದಿಸೋಕೇ ಒಂದು ಪ್ರಬಂಧ ಬರೀಬೇಕಾಯ್ತು. ಊರಿಗೆಲ್ಲ ಗೊತ್ತಿದ್ದ ಕವಿಗೆ ಶಿಫಾರಸು ಪತ್ರ! ಜಮೈಕನ್ನರು ಹಿಂಡುಗಟ್ಟಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ವಸಾಹತು ಹೂಡೋ ಆಕೆಯ ಪದ್ಯ ಕೇಳಿದ್ರೆ ನಗು ಬರೋದು ನಿಜ. ನಗ್ತಿರೋದು ಯಾರ ಮೇಲೆ ಅಂತ ಸ್ವಲ್ಪ ಯೋಚಿಸಿ.

ಇನ್ನೊಂದು ವಿಷಯ. ಈ ದ್ವೀಪಗಳ ಆಧುನಿಕ ಸಾಹಿತ್ಯ ಬೆಳೆಯೋದಕ್ಕೆ ಕಿವಿಯದ್ದೂ ದೊಡ್ಡ ಪಾಲಿದೆ. 1943ರಿಂದ 1958ರವರೆಗೆ ಬಿಬಿಸಿಯಲ್ಲಿ 'ಕೆರಿಬಿಯನ್ ವಾಯ್ಸಸ್' ಅಂತ ಕಾರ್ಯಕ್ರಮ ಬರ್ತಿತ್ತು. ಶುರು ಮಾಡಿದ್ದು ಜಮೈಕಾದ ಊನಾ ಮಾರ್ಸನ್. ದ್ವೀಪಗಳ ಕಥೆ, ಕವಿತೆ ಲಂಡನ್ನಿಗೆ ಹೋಗಿ, ಅಲ್ಲಿ ಓದಿಸಿಕೊಂಡು, ರೇಡಿಯೋದಲ್ಲಿ ವಾಪಸ್ ಬರ್ತಿದ್ವು. (ಪಕ್ಕದ ದ್ವೀಪದವನ ಕವಿತೆ ಕೇಳೋಕೆ ಲಂಡನ್ ಸುತ್ತು ಹಾಕಬೇಕಿತ್ತು, ಅದು ಬೇರೆ ಕರ್ಮ.) ಲ್ಯಾಮಿಂಗ್, ಸೆಲ್ವನ್, ವಾಲ್ಕಾಟ್, ನೈಪಾಲ್ ಎಲ್ಲರೂ ಅದರಲ್ಲಿ ಬಂದವರೇ. ಕೊನೆಯ ಇಬ್ಬರಿಗೆ 1992 ಮತ್ತು 2001ರಲ್ಲಿ ನೊಬೆಲ್ ಬಂತು.

ಬಾರ್ಬಡೋಸ್‌ನ ಕಮಾವ್ ಬ್ರಾಥ್‌ವೇಟ್‌ಗೆ 'ಡಯಲೆಕ್ಟ್' ಅನ್ನೋ ಪದವೇ ಆಗ್ತಿರಲಿಲ್ಲ, ಅದರಲ್ಲಿ ತಾತ್ಸಾರ ಇದೆ ಅಂತ. 'ನೇಷನ್ ಲ್ಯಾಂಗ್ವೇಜ್' ಅಂದರು. ಸದ್ದು ಕಳಚಿದ್ರೆ ಅರ್ಥದ ಒಂದು ಪಾಲೂ ಹೋಗುತ್ತೆ ಅನ್ನೋದು ಅವರ ವಾದ. ನಂಗಂತೂ ಜಮೈಕಾದ ಮಾತು ಪೂರ್ತಿ ಸಿಕ್ಕಲ್ಲ, ಅಚ್ಚಾದ ಪದ್ಯ ಎದುರಿಟ್ಟುಕೊಂಡು ಎರಡೆರಡು ಸಲ ಕೇಳ್ತೀನಿ. ಆದರೂ ಬರೀ ಕಣ್ಣಲ್ಲಿ ಓದಿದಾಗ ಸಿಗದ್ದು ಏನೋ ಸಿಗುತ್ತೆ.

'ಬರೀ ಮನರಂಜನೆ' ಅನ್ನೋರು ಮೈಕಿ ಸ್ಮಿತ್ ಹೆಸರು ಕೇಳಿಲ್ಲ ಅಂತ ಕಾಣುತ್ತೆ. ಜಮೈಕಾದ ಈ ಡಬ್ ಕವಿ 1983ರ ಆಗಸ್ಟಿನಲ್ಲಿ, ರಾಜಕೀಯ ಸಭೆಯೊಂದರಲ್ಲಿ ಎದ್ದು ಎದುರು ಮಾತಾಡಿದ ಮರುದಿನ, ಕಲ್ಲೇಟಿಗೆ ಸತ್ತರು. ಇನ್ನೂ ಮೂವತ್ತು ತುಂಬಿರಲಿಲ್ಲ.

ಪುಸ್ತಕವೇ ಬೇಕು ಅನ್ನೋರಿಗೆ: ಲಿಂಟನ್ ಕ್ವೇಸಿ ಜಾನ್ಸನ್ 2002ರಲ್ಲಿ ಪೆಂಗ್ವಿನ್ ಮಾಡರ್ನ್ ಕ್ಲಾಸಿಕ್ಸ್ ಸೇರಿದ ಮೊದಲ ಕಪ್ಪು ಕವಿ. ಅದೇ ಮಾತು, ಅದೇ ಲಯ. ನಿಂತಿತಲ್ಲ? ಆದರೆ ಇದನ್ನ ಸರ್ಟಿಫಿಕೇಟ್ ಥರ ತೋರಿಸಬೇಕಾಗಿ ಬಂತಲ್ಲ ಅಂತಲೇ ನಂಗೆ ಸಿಟ್ಟು.

ಬ್ಲಾಗ್ ಗೆಳೆಯರೇ, ಮಿಸ್ ಲೂ ದನಿ ಯೂಟ್ಯೂಬಿನಲ್ಲಿ ಸಿಗುತ್ತೆ. ಮೊದಲು ಕೇಳಿ, ಆಮೇಲೆ ಓದಿ. ಜಗಳಕ್ಕೆ ನಾನು ಇಲ್ಲೇ ಇರ್ತೀನಿ :)