'ಬ್ಯಾಟರಿ ಹೋಗಿದೆ' ಎಂದಾಗ

ಮನೆಯ ಯಜಮಾನರು ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದು, ಕಾರು ಮಾತ್ರ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿರುವ ಮನೆಗಳು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ. ಯಾವುದೋ ಒಂದು ದಿನ ಮಗುವಿಗೆ ಜ್ವರ ಬರುತ್ತದೆ, ಇಲ್ಲವೇ ತವರಿನ ಮದುವೆಗೆ ಹೊರಡಬೇಕಾಗುತ್ತದೆ. ಕೀಲಿ ತಿರುಗಿಸಿದರೆ 'ಟಿಕ್ ಟಿಕ್' ಎನ್ನುತ್ತದೆಯೇ ಹೊರತು ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿನ ಹುಡುಗ ಬಂದು ಬಾನೆಟ್ ಎತ್ತಿ ಅರ್ಧ ನಿಮಿಷ ನೋಡುತ್ತಾನೆ. "ಬ್ಯಾಟರಿ ಹೋಗಿದೆ ಅಕ್ಕಾ, ಹೊಸದೇ ಹಾಕ್ಬೇಕು. ಬೇಕಾದ್ರೆ ಭಾಯಿಗೆ ಫೋನ್ ಮಾಡಿ ಕೊಡಿ, ನಾನು ಹೇಳ್ತೇನೆ" ಎನ್ನುತ್ತಾನೆ.

ಆ ಕೊನೆಯ ಮಾತಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಫೋನಿನ ಆ ತುದಿಯಲ್ಲಿರುವವರಿಗೆ ಕಾರು ಕಾಣುವುದಿಲ್ಲ. ಎದುರಿಗೆ ನಿಂತಿರುವವರು ನೀವು, ಹಣ ಎಣಿಸಿ ಕೊಡುವವರೂ ನೀವು. ಹಾಗಿರುವಾಗ ಪ್ರಶ್ನೆ ಕೇಳಲು ಸಂಕೋಚವೇಕೆ? ಕೇಳಬೇಕಾದ ಪ್ರಶ್ನೆಯೂ ದೊಡ್ಡದಲ್ಲ. "ವೋಲ್ಟ್ ಎಷ್ಟಿದೆ, ಮೀಟರ್ ಇಟ್ಟು ತೋರಿಸಪ್ಪಾ" ಎಂದರೆ ಸಾಕು.

ಬ್ಯಾಟರಿ ಡೌನ್ ಆಗುವುದು ಬೇರೆ, ಹೋಗುವುದು ಬೇರೆ. ಕಾರಿನ ಬ್ಯಾಟರಿಯೊಳಗೆ ಆರು ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಇದ್ದು, ಕೆಲವು ಗಂಟೆ ಸುಮ್ಮನೆ ನಿಂತ ಬ್ಯಾಟರಿಯಲ್ಲಿ ಮೀಟರ್ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಬಹುತೇಕ ಖಾಲಿಯಾಗಿದೆ ಎಂದರ್ಥ. ಖಾಲಿಯಾದುದನ್ನು ತುಂಬಿಸಬಹುದು. ವಾರಗಟ್ಟಲೆ ನಿಂತ ಕಾರಿನಲ್ಲಿ ಅಲಾರಂ, ಗಡಿಯಾರ ಮುಂತಾದವು ಸದ್ದಿಲ್ಲದೆ ಚಾರ್ಜ್ ಕುಡಿಯುತ್ತಲೇ ಇರುತ್ತವೆ. ಅದಕ್ಕೆ ಬ್ಯಾಟರಿಯನ್ನು ದೂರಿ ಫಲವಿಲ್ಲ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಮೀಟರ್ 10.5ರ ಆಸುಪಾಸಿನಲ್ಲೇ ನಿಂತರೆ ಮಾತ್ರ ಒಂದು ಸೆಲ್ ಕೆಟ್ಟಿದೆ ಎಂದು ಅನುಮಾನಿಸಬಹುದು. ಹಾಗೆಯೇ ಕಾರು ಸ್ಟಾರ್ಟ್ ಆದ ಮೇಲೆ ಇನ್ನೊಮ್ಮೆ ಮೀಟರ್ ಇಡಲು ಹೇಳಿ. ಸಾಮಾನ್ಯವಾಗಿ 13.5ರಿಂದ 14.5ರೊಳಗೆ ತೋರಿಸಬೇಕು. ತೋರಿಸದಿದ್ದರೆ ತೊಂದರೆ ಇರುವುದು ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲೋ ಅದರ ಬೆಲ್ಟ್, ವಯರುಗಳಲ್ಲೋ ಆಗಿರಬಹುದು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ಈ ವ್ಯತ್ಯಾಸ ವಾರಂಟಿಯ ವಿಷಯದಲ್ಲಿ ಬಹಳ ಮುಖ್ಯ. ತಯಾರಿಕೆಯ ದೋಷಕ್ಕೆ ಮಾತ್ರ ಕಂಪೆನಿ ಹೊಣೆ. ಚಾರ್ಜ್ ಇಳಿದುದಕ್ಕೆ, ಒಡೆದುದಕ್ಕೆ, ತಪ್ಪು ಅಳತೆಯ ಬ್ಯಾಟರಿ ಹಾಕಿದುದಕ್ಕೆ ಅಲ್ಲ. ಆದ್ದರಿಂದ ಕಂಪೆನಿಯ ಡೀಲರ್ ಮೊದಲು ಚಾರ್ಜ್‌ಗೆ ಇಟ್ಟು ಆಮೇಲೆ ಪರೀಕ್ಷಿಸುತ್ತಾನೆ. ಒಂದೆರಡು ದಿನ ಹಿಡಿಯಬಹುದು. ಅಷ್ಟರವರೆಗೆ ಓಡಿಸಲು ಬದಲಿ ಬ್ಯಾಟರಿ ಕೊಡುವ ಡೀಲರುಗಳಿದ್ದಾರೆ, ಆದರೆ ಕೇಳಿದವರಿಗೆ ಮಾತ್ರ. ಬ್ಯಾಟರಿ ಬಿಟ್ಟು ಬರುವಾಗ ಅದರ ಸೀರಿಯಲ್ ನಂಬರ್ ಬರೆದ ಚೀಟಿಯನ್ನು ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಬ್ಯಾಟರಿಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ತಿಂಗಳುಗಳ ಲೆಕ್ಕ. 48 ತಿಂಗಳು ಎಂದರೆ ನಾಲ್ಕು ವರ್ಷ ಯಾವಾಗ ಕೆಟ್ಟರೂ ಹೊಸದು ಕೊಡುತ್ತಾರೆ ಎಂದೇ ನಾವು ತಿಳಿದಿರುತ್ತೇವೆ. ಕಾರ್ಡಿನ ಹಿಂಬದಿ ತಿರುಗಿಸಿ ನೋಡಿ, 24+24 ಎಂದಿರುತ್ತದೆ. ಮೊದಲ 24 ತಿಂಗಳು ಉಚಿತ ಬದಲಾವಣೆ. ನಂತರದ 24 ತಿಂಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಮಾತ್ರ, ಅದೂ ತಿಂಗಳು ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಇದನ್ನು ಪ್ರೋ ರೇಟಾ ಎನ್ನುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗಾಗಿ. ಬ್ಯಾಟರಿಯ ಎಂ.ಆರ್.ಪಿ. 6,000 ರೂಪಾಯಿ. 30ನೇ ತಿಂಗಳಲ್ಲಿ ಕೆಟ್ಟಿತು, ಶೇ. 35 ರಿಯಾಯಿತಿ ಸಿಕ್ಕಿತು ಎಂದಿಟ್ಟುಕೊಳ್ಳಿ. ನೀವು ಕೊಡಬೇಕಾದುದು 3,900. ಹಳೆಯ ಬ್ಯಾಟರಿ ಕಂಪೆನಿಗೆ ಹೋಗುತ್ತದೆ. ಅದೇ ಬ್ಯಾಟರಿಯನ್ನು ಪಕ್ಕದ ಅಂಗಡಿಯವನು ಎಂ.ಆರ್.ಪಿ.ಗಿಂತ ಕಡಿಮೆಗೆ, 5,000ಕ್ಕೆ ಮಾರಿ, ಹಳೆಯದಕ್ಕೆ 1,000 ಕಳೆದುಕೊಟ್ಟರೆ 4,000 ಆಯಿತು. ಇಷ್ಟೆಲ್ಲಾ ಓಡಾಡಿ ಉಳಿದದ್ದು ನೂರು ರೂಪಾಯಿ! ಹಾಗೆಂದು ವಾರಂಟಿ ವ್ಯರ್ಥವೆಂದಲ್ಲ. 23ನೇ ತಿಂಗಳಲ್ಲಿ ಕೆಟ್ಟಿದ್ದರೆ ಪೂರ್ತಿ ಉಚಿತವಾಗುತ್ತಿತ್ತು. ಉಚಿತ ಅವಧಿ ಮುಗಿಯುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಇನ್ನೊಂದು ಮಾತು: ಉಚಿತವಾಗಿ ಬಂದ ಹೊಸ ಬ್ಯಾಟರಿಗೆ ವಾರಂಟಿ ಸಾಮಾನ್ಯವಾಗಿ ಹೊಸದಾಗಿ ಆರಂಭವಾಗುವುದಿಲ್ಲ, ಹಳೆಯದರಲ್ಲಿ ಉಳಿದಷ್ಟೇ ಅವಧಿ.

ಆದರೆ ಇದೆಲ್ಲವೂ ನಿಂತಿರುವುದು ಖರೀದಿಯ ದಿನದ ಹತ್ತು ನಿಮಿಷದ ಮೇಲೆ. "ಬಿಲ್ ಬೇಡ ಅಂದ್ರೆ ಇನ್ನೂರು ಕಡಿಮೆ ಮಾಡ್ತೇನೆ" ಎನ್ನುವವನ ಮಾತಿಗೆ ಒಪ್ಪಬೇಡಿ. ಆ ಇನ್ನೂರಕ್ಕೆ ನೀವು ಮಾರುತ್ತಿರುವುದು ನಿಮ್ಮ ವಾರಂಟಿಯನ್ನು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ಕಾರ್ಡಿನಲ್ಲಿ ತಾರೀಕು, ಕಾರಿನ ನಂಬರ್, ಅಂಗಡಿಯ ಮೊಹರು ಇರಲಿ. ಕಂಪೆನಿಯಲ್ಲಿ ನೋಂದಣಿ ಬೇಕಿದ್ದರೆ ಅಂಗಡಿಯಲ್ಲಿದ್ದಾಗಲೇ ನಿಮ್ಮ ಮೊಬೈಲ್ ನಂಬರ್ ಕೊಟ್ಟು ಮಾಡಿಸಿ. ಪರದೇಶದಲ್ಲಿರುವವರ ನಂಬರಿಗೆ ಬಂದ ಸಂದೇಶ ತುರ್ತಿನ ಹೊತ್ತಿಗೆ ನಿಮ್ಮ ಕೈಗೆ ಸಿಗುವುದಿಲ್ಲ. ಖಾಲಿ ಕಾರ್ಡ್ ಕೊಟ್ಟು "ಮನೆಯಲ್ಲಿ ತುಂಬಿಸ್ಕೊಳ್ಳಿ" ಎನ್ನುವ ಅಂಗಡಿಯವರಿದ್ದಾರೆ. ಅಂಥ ಕಾರ್ಡ್ ಮುಂದೆ ಕೆಲಸಕ್ಕೆ ಬರುವುದು ಕಷ್ಟ.

ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಯೆಂದೇ ಹೆಸರಿಸಿದೆ. ವಾರಂಟಿ ಇದ್ದೂ ಡೀಲರ್ ಸತಾಯಿಸಿದರೆ ಮೊದಲು ಕಂಪೆನಿಗೆ ಬರೆಯಿರಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಬ್ಯಾಟರಿ ಎಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ವಕೀಲರು ಇರಲೇಬೇಕೆಂದೂ ಇಲ್ಲ.

ಕಾರು ತಿಂಗಳುಗಟ್ಟಲೆ ನಿಲ್ಲುವ ಮನೆಗಳಲ್ಲಿ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ರೂಢಿಯಿದೆ. ಸ್ಟಾರ್ಟ್ ಮಾಡುವಾಗ ಖರ್ಚಾದ ಚಾರ್ಜ್ ಅಷ್ಟರಲ್ಲಿ ಸರಿಯಾಗಿ ತುಂಬುವುದಿಲ್ಲ. ಅರ್ಧ ಗಂಟೆ ಓಡಿಸಿ ತಂದರೆ ಪ್ರಯೋಜನ. ಓಡಿಸುವವರೇ ಇಲ್ಲವಾದರೆ ಮೈನಸ್ ಗುರುತಿನ ವಯರನ್ನು ಮೆಕ್ಯಾನಿಕ್ಕಿನಿಂದ ಕಳಚಿಸಿಡಿ. ಆಗ ರಿಮೋಟ್ ಕೆಲಸ ಮಾಡದು, ಬಾಗಿಲನ್ನು ಕೀಲಿಯಿಂದಲೇ ತೆರೆಯಬೇಕು. ಕೀಲಿ ಕಾರಿನೊಳಗೆ ಉಳಿಯದಂತೆ ನೋಡಿಕೊಳ್ಳಿ. ಹಳೆಯ ಬ್ಯಾಟರಿಯನ್ನು ಮಾತ್ರ ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳಬೇಡಿ. ಅದರೊಳಗಿರುವುದು ಸೀಸ ಮತ್ತು ಗಂಧಕಾಮ್ಲ, ಮಕ್ಕಳು ಆಡುವ ಜಾಗಕ್ಕೆ ಎರಡೂ ಸಲ್ಲದು. ಹೊಸದನ್ನು ಕೊಂಡ ಅಂಗಡಿಗೇ ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.